ನೆರಳಿನ ಅಂಗಳಕ್ಕೆ ಅಡಿಯಾಂಟಮ್: ನಾಜೂಕು ಎಲೆ, ಗಟ್ಟಿ ಬುಡ

ಹಳೆಯ ಕಲ್ಲುಕಟ್ಟಿನ ಬಾವಿಯೊಳಗೆ ಬಗ್ಗಿ ನೋಡಿ. ನೀರಿನ ಮಟ್ಟಕ್ಕಿಂತ ನಾಲ್ಕೈದು ಅಡಿ ಮೇಲೆ, ಕಲ್ಲಿನ ಸಂದಿಯಲ್ಲಿ, ಕರಿದಾರದಂಥ ಕಡ್ಡಿಗಳಲ್ಲಿ ಉಗುರಗಲದ ಹಸಿರೆಲೆ ಜೋಲಾಡುವ ಜರೀಗಿಡ ಕಂಡೀತು. ಅದು ಅಡಿಯಾಂಟಮ್ ಕ್ಯಾಪಿಲಸ್-ವೆನೆರಿಸ್. ನರ್ಸರಿಯವರು ಮೇಡನ್‌ಹೇರ್ ಎಂದು ಮಾರುವುದು ಬಹುಪಾಲು ಇದರ ದಾಯಾದಿ, ದಕ್ಷಿಣ ಅಮೆರಿಕದಿಂದ ಬಂದ ಅಡಿಯಾಂಟಮ್ ರಾಡಿಯಾನಮ್. ಬಾವಿಯಲ್ಲಿರುವುದಕ್ಕೆ ಯಾರೂ ನೀರು ಹಾಕುವುದಿಲ್ಲ, ಗೊಬ್ಬರವಂತೂ ಇಲ್ಲವೇ ಇಲ್ಲ, ವರ್ಷಗಟ್ಟಲೆ ಬಾಳುತ್ತದೆ. ದುಡ್ಡು ಕೊಟ್ಟು ತಂದದ್ದು ಮಾತ್ರ ಹದಿನೈದೇ ದಿನದಲ್ಲಿ ಸುಟ್ಟ ಹಪ್ಪಳದಂತೆ ಮುರುಟಿಕೊಳ್ಳುತ್ತದೆ.

ಬಾವಿಯ ಗೋಡೆಯಲ್ಲಿ ಏನಿದೆ ಎಂದು ನೋಡಿದರೆ ಉತ್ತರ ಅಲ್ಲೇ ಇದೆ. ನಡುಹಗಲಿನ ಬಿಸಿಲು ಒಳಗೆ ಇಳಿಯುವುದು ಸ್ವಲ್ಪ ಹೊತ್ತು ಮಾತ್ರ, ಆದರೆ ಮೇಲಿಂದ ಆಕಾಶದ ಬೆಳಕು ಇಡೀ ದಿನ ಇರುತ್ತದೆ. ಸಂದಿಯಿಂದ ನೀರು ಜಿನುಗುತ್ತಲೇ ಇರುತ್ತದೆ, ಆದರೆ ಬೇರಿನ ಬಳಿ ಎಂದೂ ನಿಲ್ಲುವುದಿಲ್ಲ. ಗಾಳಿ ತಣ್ಣಗೆ, ತೇವವಾಗಿ, ಹೆಚ್ಚು ಅಲುಗದೆ ಇರುತ್ತದೆ. ಈ ಮೂರನ್ನೂ ಅಂಗಳದಲ್ಲಿ ಒದಗಿಸುವುದೇ ಕೆಲಸ. ಮೂರರಲ್ಲಿ ಹೆಚ್ಚಿನವರು ಎಡವುವುದು ಎರಡನೆಯದರಲ್ಲಿ.

ಇನ್ನೊಂದು ಮಾತು ಮೊದಲೇ ತಿಳಿದಿರಲಿ. ಈ ಗಿಡದ ಎಲೆ ನಾಜೂಕು, ಬುಡ ಅಲ್ಲ. ಮಣ್ಣಿನ ಮಟ್ಟದಲ್ಲೇ ಹರಡುವ, ಕಂದು ರೋಮದಂಥ ಹುರುಪೆ ಮುಚ್ಚಿದ ಬೇರುಕಾಂಡವೇ ನಿಜವಾದ ಗಿಡ. ಗರಿಗಳು ಬರುತ್ತವೆ, ಹೋಗುತ್ತವೆ. ಎಲೆಯನ್ನು ಉಳಿಸಲು ಹೋಗಿ ಬೇರುಕಾಂಡವನ್ನು ಕೊಳೆಸುವುದು ಅಥವಾ ಎಲೆ ಒಣಗಿತೆಂದು ಜೀವಂತ ಬೇರುಕಾಂಡವನ್ನು ಕುಂಡದ ಸಮೇತ ಎಸೆಯುವುದು, ಈ ಎರಡು ತಪ್ಪುಗಳಿಗೆ ಬಲಿಯಾಗುವಷ್ಟು ಗಿಡಗಳು ಯಾವ ರೋಗಕ್ಕೂ ಬಲಿಯಾಗುವುದಿಲ್ಲ.

ಜಾಗ

ಮನೆಯ ಉತ್ತರ ಅಥವಾ ಪೂರ್ವದ ಗೋಡೆಯ ಬುಡ ಒಳ್ಳೆಯದು. ಬೆಳಿಗ್ಗೆ ಎಂಟೂವರೆವರೆಗಿನ ಎಳೆ ಬಿಸಿಲು ಬಿದ್ದರೆ ತೊಂದರೆಯಿಲ್ಲ. ಪಶ್ಚಿಮದ ಗೋಡೆ ಬೇಡ. ಸಂಜೆಯ ಬಿಸಿಲು ತಪ್ಪಿಸಿದರೂ ಕಾದ ಗೋಡೆ ರಾತ್ರಿ ಎಂಟರವರೆಗೆ ಬಿಸಿ ಉಗುಳುತ್ತಿರುತ್ತದೆ. ಬೆಳಕು ಸಾಕೋ ಇಲ್ಲವೋ ನೋಡಲು ಉಪಕರಣ ಬೇಕಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಬಿಳಿ ಕಾಗದದ ಮೇಲೆ ಒಂದು ಅಡಿ ಎತ್ತರದಲ್ಲಿ ಅಂಗೈ ಹಿಡಿಯಿರಿ. ನೆರಳಿನ ಅಂಚು ಮಸುಕಾಗಿದ್ದು ಆಕಾರ ಮಾತ್ರ ಗೊತ್ತಾದರೆ ಜಾಗ ಸರಿ. ಬೆರಳುಗಳು ಕತ್ತರಿಸಿದಂತೆ ಸ್ಪಷ್ಟವಾಗಿ ಕಂಡರೆ ಬಿಸಿಲು ಹೆಚ್ಚು, ನೆರಳೇ ಬೀಳದಿದ್ದರೆ ಬೆಳಕು ಕಡಿಮೆ. ಕತ್ತಲು ಹೆಚ್ಚಾದರೆ ಗಿಡ ಸಾಯುವುದಿಲ್ಲ, ಆದರೆ ಗರಿಗಳು ಉದ್ದುದ್ದ ಬೆಳೆದು, ಎಲೆ ವಿರಳವಾಗಿ, ಒಂದೇ ದಿಕ್ಕಿಗೆ ವಾಲುತ್ತವೆ. ತಾರಸಿಯಲ್ಲಾದರೆ ಶೇ. 75ರ ನೆರಳು ಪರದೆ ಕಟ್ಟಿ. ತರಕಾರಿಗೆಂದು ಮಾರುವ ಶೇ. 50ರದ್ದು ಬೆಂಗಳೂರಿನ ಏಪ್ರಿಲ್‌ಗೆ ಸಾಲದು.

ಮರದ ನೆರಳು ನೋಡಲು ಚೆನ್ನ, ಆದರೆ ಮೋಸವಿದೆ. ಮಾವು, ಹಲಸಿನ ಕೆಳಗೆ ನೆಲದ ಮೇಲ್ಪದರದಲ್ಲಿ ಮರದ ಹೀರುಬೇರು ದಟ್ಟವಾಗಿರುತ್ತದೆ. ನೀವು ಹಾಕಿದ ನೀರನ್ನು ಜರೀಗಿಡಕ್ಕಿಂತ ಮೊದಲು ಮರ ಕುಡಿಯುತ್ತದೆ. ಅಂಥಲ್ಲಿ ನೆಲ ಅಗೆಯಬೇಡಿ. ಕಾಡುಗಲ್ಲನ್ನು ಒಂದು ಅಡಿ ಎತ್ತರಕ್ಕೆ ಜೋಡಿಸಿ, ತಳಕ್ಕೆ ಹಳೆಯ ಗೋಣಿಯನ್ನು ಎರಡು ಮಡಿಕೆ ಹಾಸಿ, ಮೇಲೆ ಮಿಶ್ರಣ ತುಂಬಿದ ಏರುಮಡಿ ಮಾಡಿ. ಮಡಿ ಮರದ ಕಾಂಡಕ್ಕೆ ತಾಗದಂತೆ ಮೂರು ಅಡಿ ದೂರವಿರಲಿ. ಗೋಣಿ ಕೊಳೆಯಲು ಹಿಡಿಯುವ ಒಂದು ವರ್ಷದಲ್ಲಿ ಗಿಡ ನೆಲೆಯೂರುತ್ತದೆ. ನೀಲಗಿರಿ ಮರದ ಕೆಳಗೆ ಪ್ರಯತ್ನವೇ ಬೇಡ.

ಗಾಳಿಯ ವಿಷಯ. ಎರಡು ಕಟ್ಟಡಗಳ ನಡುವಿನ ಓಣಿ ನೆರಳಾಗಿದ್ದರೂ ಗಾಳಿ ಸುಯ್ಯೆಂದು ಬೀಸುವ ಜಾಗ. ಮಾರ್ಚ್ ಮಧ್ಯಾಹ್ನಗಳಲ್ಲಿ ಬಯಲುಸೀಮೆಯ ಗಾಳಿಯ ತೇವಾಂಶ ಶೇ. 30ರ ಆಸುಪಾಸಿಗೆ ಇಳಿಯುತ್ತದೆ. ಆ ಗಾಳಿ ಬೀಸಿದರೆ ಒದ್ದೆ ಮಣ್ಣಿನಲ್ಲಿರುವ ಗಿಡದ ಅಂಚೂ ಕರಕಲಾಗುತ್ತದೆ. ಅಂಥ ಕಡೆ ಮೊದಲು ಅಡ್ಡವಾಗಿ ದಪ್ಪೆಲೆಯ ಗಿಡಗಳನ್ನು ಇಟ್ಟು, ಅವುಗಳ ಮರೆಯಲ್ಲಿ ಅಡಿಯಾಂಟಮ್ ಇಡಿ. ಫ್ಯಾನ್ ಕೆಳಗೆ, ಎ.ಸಿ. ಗಾಳಿಯ ದಾರಿಯಲ್ಲಿ ಇಡುವುದಕ್ಕೂ ಇದೇ ಗತಿ.

ಮಣ್ಣು ಎನ್ನುವುದಕ್ಕಿಂತ ಮಿಶ್ರಣ

ಬರಿಯ ಕೆಂಪುಮಣ್ಣಿನಲ್ಲಿ ಇದು ಬರುವುದಿಲ್ಲ. ನಾಲ್ಕು ಸಲ ನೀರು ಹಾಕುವಷ್ಟರಲ್ಲಿ ಕೆಂಪುಮಣ್ಣು ಇಟ್ಟಿಗೆಯಂತೆ ಕೂರುತ್ತದೆ, ಕೂದಲಿನಷ್ಟು ತೆಳ್ಳಗಿನ ಬೇರಿಗೆ ಉಸಿರು ಕಟ್ಟುತ್ತದೆ. ಅಳತೆ ಹೀಗಿರಲಿ: ಕೊಳೆತ ಎಲೆಗೊಬ್ಬರ 2 ಪಾಲು, ತೊಳೆದ ಕೊಕೊಪೀಟ್ 2 ಪಾಲು, ದಪ್ಪ ಮರಳು 1 ಪಾಲು, ಬಟಾಣಿ ಗಾತ್ರಕ್ಕೆ ಒಡೆದ ಇಟ್ಟಿಗೆಚೂರು ಮತ್ತು ಇದ್ದಿಲು ಸೇರಿ 1 ಪಾಲು. ಎಂ-ಸ್ಯಾಂಡ್ ಬಳಸುವುದಾದರೆ ಬಕೆಟ್ಟಿನಲ್ಲಿ ತೊಳೆದು ಬೂದಿಯಂಥ ಹುಡಿಯನ್ನು ಚೆಲ್ಲಿ. ಅದು ಉಳಿದರೆ ಸಿಮೆಂಟಿನಂತೆ ಗಟ್ಟಿಯಾಗುತ್ತದೆ.

ಮಲೆನಾಡಿನವರಿಗೆ ಎಲೆಗೊಬ್ಬರ ಕೊಳ್ಳುವ ಅಗತ್ಯವಿಲ್ಲ. ಸೊಪ್ಪಿನ ಬೆಟ್ಟದ ದರಗು, ಅಂದರೆ ಉದುರಿದ ಒಣ ಎಲೆ, ಒಂದು ಮಳೆಗಾಲ ರಾಶಿಯಲ್ಲಿ ಕೊಳೆತು, ಕೈಯಲ್ಲಿ ಹಿಂಡಿದರೆ ಪುಡಿಯಾಗುವ ಕಪ್ಪು ಪದಾರ್ಥವಾಗಿರಬೇಕು, ಅಷ್ಟೆ. ಅರೆಕೊಳೆತ ದರಗು ಹಾಕಿದರೆ ಕುಂಡದೊಳಗೇ ಬಿಸಿಯಾಗಿ ಬೇರು ಬೇಯುತ್ತದೆ. ಕೊಕೊಪೀಟ್ ಬಗ್ಗೆ ಎಚ್ಚರವಿರಲಿ. ಇಟ್ಟಿಗೆಯಾಕಾರದಲ್ಲಿ ಬರುವ ಅಗ್ಗದ ಕೊಕೊಪೀಟಿನಲ್ಲಿ ಉಪ್ಪಿನಂಶ ಹೆಚ್ಚಿರುವುದುಂಟು. ನೀರಲ್ಲಿ ಅರಳಿಸಿ, ಬಟ್ಟೆಯಲ್ಲಿ ಹಿಂಡಿ, ಮತ್ತೆ ಹೊಸ ನೀರು, ಹೀಗೆ ಮೂರು ಸಲ ಮಾಡಿ. ಈ ಬೇಸರದ ಕೆಲಸ ಬಿಟ್ಟವರ ಗಿಡದಲ್ಲಿ ತಿಂಗಳೊಳಗೆ ಎಲೆಯಂಚು ಕಂದಾಗುತ್ತದೆ, ಅವರು ನೀರು ಸಾಲದೆಂದು ಇನ್ನಷ್ಟು ಸುರಿಯುತ್ತಾರೆ.

ಬಾವಿಯ ಜಾತಿ ಸುಣ್ಣವನ್ನು ಇಷ್ಟಪಡುತ್ತದೆ. ಆರಿಂಚಿನ ಕುಂಡಕ್ಕೆ ಒಂದು ದೊಡ್ಡ ಚಮಚ ಪುಡಿಮಾಡಿದ ಮೊಟ್ಟೆಚಿಪ್ಪು ಅಥವಾ ಹಳೆ ಮನೆ ಕೆಡವಿದಲ್ಲಿ ಸಿಗುವ ಗಾರೆಯ ಚೂರು ಬೆರೆಸಿ. ರಾಡಿಯಾನಮ್‌ಗೆ ಇದು ಬೇಕಿಲ್ಲ.

ಕುಂಡ ದೊಡ್ಡದಾದಷ್ಟೂ ಒಳ್ಳೆಯದೆಂಬುದು ಇಲ್ಲಿ ತಪ್ಪು. ಬೇರಿನುಂಡೆಗಿಂತ ಸುತ್ತಲೂ ಒಂದು ಇಂಚು ಜಾಗ ಸಾಕು. ಬೇರು ತಲುಪದ ಮಣ್ಣು ಒದ್ದೆಯಾಗೇ ಉಳಿದು ಹುಳಿಯಾಗುತ್ತದೆ. ಮಣ್ಣಿನ ಕುಂಡ ತಂಪು, ಆದರೆ ಬೇಗ ಒಣಗುತ್ತದೆ. ಪ್ಲಾಸ್ಟಿಕ್ಕಿನದು ತೇವ ಹಿಡಿಯುತ್ತದೆ, ಆದರೆ ಕಾಯುತ್ತದೆ. ಎರಡನ್ನೂ ಸೇರಿಸುವ ಉಪಾಯವೊಂದಿದೆ: ಗಿಡ ಐದಿಂಚಿನ ಪ್ಲಾಸ್ಟಿಕ್ ಕುಂಡದಲ್ಲಿರಲಿ, ಅದನ್ನು ಎಂಟಿಂಚಿನ ಮಣ್ಣಿನ ಕುಂಡದೊಳಗೆ ಕೂರಿಸಿ, ನಡುವಿನ ಜಾಗಕ್ಕೆ ಮರಳು ತುಂಬಿ. ಬೇಸಿಗೆಯಲ್ಲಿ ಆ ಮರಳಿಗೆ ದಿನವೂ ನೀರು ಹಾಕಿ. ಮಣ್ಣಿನ ಮಡಕೆಯಲ್ಲಿ ನೀರು ತಂಪಾಗುವ ಲೆಕ್ಕವೇ ಇಲ್ಲೂ ಕೆಲಸ ಮಾಡುತ್ತದೆ, ಸುತ್ತಲಿನ ಗಾಳಿಗೂ ತುಸು ತೇವ ಸಿಗುತ್ತದೆ.

ನೆಡುವುದು

ಜೂನ್ ಮೊದಲೆರಡು ಮಳೆ ಬಿದ್ದ ಮೇಲೆ ನೆಡಿ. ನೆಲದಲ್ಲಾದರೆ ಒಂದು ಅಡಿ ಆಳ ಅಗೆದು, ಮೇಲಿನ ಮಿಶ್ರಣ ತುಂಬಿ, ಸುತ್ತಲಿನ ನೆಲಕ್ಕಿಂತ ಆರಿಂಚು ಎತ್ತರಿಸಿ. ಗಿಡದಿಂದ ಗಿಡಕ್ಕೆ ಒಂದು ಅಡಿ ಅಂತರ. ಬೇರುಕಾಂಡದ ತುದಿ ಮಣ್ಣಿನ ಮೇಲ್ಮಟ್ಟದಲ್ಲೇ ಕಾಣುತ್ತಿರಬೇಕು. ಇದನ್ನು ಗುಂಡಿಯಲ್ಲಿ ಹೂಳಿ, ಬುಡ ಗಟ್ಟಿಯಾಗಲೆಂದು ಮಣ್ಣು ಒತ್ತುವ ಅಭ್ಯಾಸ ಬಿಡಿ. ತುದಿ ಹೂತರೆ ಸುರುಳಿಚಿಗುರು ಹೊರಬರುವ ಮೊದಲೇ ಕೊಳೆಯುತ್ತದೆ. ಬೇರಿಗೆ ಮಿಶ್ರಣ ಹಿಡಿಯಲು ಕುಂಡವನ್ನು ಎರಡು ಸಲ ನೆಲಕ್ಕೆ ತಟ್ಟಿದರೆ ಸಾಕು. ಮೇಲೆ ಒಂದೂವರೆ ಇಂಚು ದರಗು ಹೊದಿಸಿ, ಬುಡದ ಸುತ್ತ ಒಂದಿಂಚು ಖಾಲಿ ಬಿಡಿ.

ನರ್ಸರಿಯ ಪಾಲಿಹೌಸ್‌ನ ತೇವಗಾಳಿಯಲ್ಲಿ ಬೆಳೆದ ಗಿಡವನ್ನು ಅದೇ ದಿನ ಬಯಲಿಗೆ ಇಟ್ಟರೆ ಗರಿ ತಡೆಯುವುದಿಲ್ಲ. ನಾಲ್ಕು ಕಡ್ಡಿ ಚುಚ್ಚಿ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಕವರು ಹೊದಿಸಿ ನೆರಳಲ್ಲಿಡಿ. ಮೂರನೇ ದಿನದಿಂದ ಕವರಿನಲ್ಲಿ ದಿನಕ್ಕೊಂದು ತೂತು, ಹತ್ತನೇ ದಿನಕ್ಕೆ ಕವರು ತೆಗೆಯಿರಿ. ಕೊಳ್ಳುವಾಗ ದಟ್ಟ ಹಸಿರು ನೋಡಿ ಮರುಳಾಗದೆ, ಬುಡ ಬಿಡಿಸಿ ಸುರುಳಿಚಿಗುರು ಎಷ್ಟಿದೆ ನೋಡಿ. ಎಳೆಗರಿ ನಸುಗೆಂಪಾಗಿ ಬರುವುದು ಕೆಲವು ತಳಿಗಳ ಗುಣ, ರೋಗವಲ್ಲ.

ಕಾಡಿನಿಂದ ಕಿತ್ತು ತರುವ ಆಸೆ ಬೇಡ. ಮೀಸಲು ಅರಣ್ಯದಿಂದ ಅನುಮತಿಯಿಲ್ಲದೆ ಗಿಡ ತೆಗೆಯುವುದು ಕಾನೂನಿಗೆ ವಿರುದ್ಧ, ಅಲ್ಲದೆ ತೊರೆಯಂಚಿನ ಗಿಡಕ್ಕೆ ನಮ್ಮ ಅಂಗಳ ಒಗ್ಗುವುದೂ ಅಪರೂಪ. ಮರಜರೀಗಿಡದ ಕಾಂಡದಿಂದ ಮಾಡಿದ ಕುಂಡ, ನಾರುಹಲಗೆಗಳನ್ನೂ ಕೊಳ್ಳಬೇಡಿ. ಈ ಮರಜರೀಗಿಡಗಳ ಸಯಾಥಿಯಾ ಕುಲದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ, ಅಪಾಯದಲ್ಲಿರುವ ಜೀವಿಗಳ ರಕ್ಷಣೆಯ ಸೈಟಿಸ್ ಒಪ್ಪಂದದಡಿ ನಿರ್ಬಂಧವಿದೆ. ಅಷ್ಟು ದಪ್ಪದ ಕಾಂಡ ಬೆಳೆಯಲು ಹಲವು ದಶಕ ಬೇಕು.

ನೀರು

ಅಡಿಯಾಂಟಮ್ ಎಂಬ ಹೆಸರಿನ ಗ್ರೀಕ್ ಮೂಲಕ್ಕೆ ನೆನೆಯದ್ದು ಎಂದರ್ಥ. ಕೆಸುವಿನೆಲೆಯ ಹಾಗೆ ಇದರ ಎಲೆಯಿಂದಲೂ ಹನಿ ಜಾರಿ ಬೀಳುತ್ತದೆ. ಆದರೂ ದಿನಕ್ಕೆ ಮೂರು ಸಲ ಎಲೆಗೆ ನೀರು ಚಿಮುಕಿಸಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಚಿಮುಕಿಸಿದ ನೀರು ಗಾಳಿಯ ತೇವವನ್ನು ಹೆಚ್ಚಿಸುವುದು ಕೆಲವೇ ನಿಮಿಷ. ಒತ್ತೊತ್ತಾದ ಗರಿಗಳ ನಡುವೆ ಸಿಕ್ಕಿಕೊಂಡ ಹನಿ ಮಾತ್ರ ರಾತ್ರಿಯಿಡೀ ಉಳಿದು ಬೂಷ್ಟು ಹಿಡಿಸುತ್ತದೆ. ಅದರ ಬದಲು ಅಗಲ ತಟ್ಟೆಯಲ್ಲಿ ಜಲ್ಲಿ ಹರಡಿ, ಜಲ್ಲಿ ಮುಳುಗದಷ್ಟು ನೀರು ತುಂಬಿ, ಮೇಲೆ ಏಳೆಂಟು ಕುಂಡಗಳನ್ನು ಒಟ್ಟಿಗೆ ಇಡಿ. ಕುಂಡದ ತಳ ನೀರಿಗೆ ತಾಗಬಾರದು.

ಬೇರಿಗೆ ನೀರು ಯಾವಾಗ ಎಂಬುದನ್ನು ಗಡಿಯಾರ ಹೇಳಲಾರದು, ಕುಂಡದ ತೂಕ ಹೇಳುತ್ತದೆ. ನೀರುಂಡ ಕುಂಡವನ್ನು ಒಮ್ಮೆ ಎತ್ತಿ ನೋಡಿ, ಆ ಭಾರ ನೆನಪಿರಲಿ. ಅದರ ಮುಕ್ಕಾಲು ಭಾರಕ್ಕೆ ಇಳಿದಾಗ ಮತ್ತೆ ಹಾಕಬೇಕು. ಬೆಂಗಳೂರು, ಮೈಸೂರಿನಲ್ಲಿ ಫೆಬ್ರುವರಿಯಿಂದ ಮೇವರೆಗೆ ಆರಿಂಚಿನ ಕುಂಡಕ್ಕೆ ಇದು ದಿನಕ್ಕೊಮ್ಮೆಯಾಗುತ್ತದೆ. ಹುಬ್ಬಳ್ಳಿಯಿಂದ ಆಚೆಗೆ ಕೆಲವು ದಿನ ಎರಡು ಸಲ. ಚಳಿಗಾಲದಲ್ಲಿ ಎರಡು-ಮೂರು ದಿನಕ್ಕೊಮ್ಮೆ. ಹಾಕುವಾಗ ತಳದ ತೂತಿನಿಂದ ಹರಿದುಬರುವವರೆಗೆ ಹಾಕಿ. ದಿನವೂ ಒಂದು ಲೋಟದಂತೆ ಮೇಲ್ಪದರ ಮಾತ್ರ ನೆನೆಸಿದರೆ ನಡುವಿನ ಬೇರು ಒಣಗಿರುತ್ತದೆ, ಮೇಲೆ ಕೈಯಿಟ್ಟವರಿಗೆ ತಿಳಿಯುವುದೂ ಇಲ್ಲ. ಕೊಕೊಪೀಟ್ ಪೂರ್ತಿ ಒಣಗಿದ್ದರೆ ನೀರು ಬದಿಯಿಂದ ಜಾರಿಹೋಗುತ್ತದೆ. ಆಗ ಕುಂಡವನ್ನು ಬಕೆಟ್ಟಿನಲ್ಲಿ ಇಪ್ಪತ್ತು ನಿಮಿಷ ಅದ್ದಿಡುವುದೇ ದಾರಿ.

ಎಂಥ ನೀರು ಎಂಬುದು ಎಷ್ಟು ನೀರು ಎಂಬುದರಷ್ಟೇ ಮುಖ್ಯ. ಗಡಸು ಬೋರ್‌ವೆಲ್ ನೀರಿನ ಗುರುತು ಕುಂಡದ ಅಂಚಿನ ಬಿಳಿ ಪದರ. ಮಳೆನೀರು ಎಲ್ಲಕ್ಕಿಂತ ಒಳ್ಳೆಯದು, ಎ.ಸಿ. ಪೈಪಿನಿಂದ ತೊಟ್ಟಿಕ್ಕುವ ನೀರೂ ಆದೀತು. ನೀರುಳಿಸುವ ಉತ್ಸಾಹದಲ್ಲಿ ಆರ್‌.ಒ. ಯಂತ್ರ ಹೊರಹಾಕುವ ನೀರನ್ನು ಜರೀಗಿಡಕ್ಕೆ ಹಾಕುವವರಿದ್ದಾರೆ. ಅದರಲ್ಲಿ ಮೂಲ ನೀರಿಗಿಂತ ಹೆಚ್ಚು ಉಪ್ಪಿರುತ್ತದೆ. ನೆಲ ತೊಳೆಯಲು ಇಟ್ಟುಕೊಳ್ಳಿ. ಬೋರ್‌ವೆಲ್ ನೀರೊಂದೇ ಇದ್ದರೆ ತಿಂಗಳಿಗೊಮ್ಮೆ ಕುಂಡದ ಮೂರರಷ್ಟು ನೀರನ್ನು ನಿಧಾನವಾಗಿ ಸುರಿದು ಉಪ್ಪನ್ನು ಹೊರಗೆ ಹರಿಸಿ.

ಕರಾವಳಿ ಮತ್ತು ಮಲೆನಾಡಿನಲ್ಲಿ ಸಮಸ್ಯೆ ತಿರುವುಮುರುವು. ಜುಲೈಯ ಜಡಿಮಳೆಗೆ ಕುಂಡ ಒಡ್ಡಿದರೆ ಗರಿ ನೆಲಕಚ್ಚುತ್ತದೆ, ಮಿಶ್ರಣ ತೊಳೆದುಹೋಗುತ್ತದೆ. ಜಗಲಿಯ ಒಳಬದಿಗೆ ಸರಿಸಿ. ಸೂರಿನ ನೀರು ಬೀಳುವ ಸಾಲಿನಲ್ಲಿ ಮಾತ್ರ ಬೇಡ, ಆ ಹನಿಯ ಪೆಟ್ಟಿಗೆ ಕಡ್ಡಿ ಮುರಿಯುತ್ತದೆ.

ಗೊಬ್ಬರ ಕಡಿಮೆಯಾದರೆ ಗಿಡ ಮೆಲ್ಲಗೆ ಬೆಳೆಯುತ್ತದೆ, ಹೆಚ್ಚಾದರೆ ಸುಡುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಮೂರು ವಾರಕ್ಕೊಮ್ಮೆ 19:19:19 (ಸಾರಜನಕ, ರಂಜಕ, ಪೊಟ್ಯಾಶ್ ಸಮಪಾಲಿನ) ಗೊಬ್ಬರ, ಲೀಟರಿಗೆ ಅರ್ಧ ಗ್ರಾಂ, ಮೊದಲೇ ಒದ್ದೆಯಾಗಿರುವ ಮಣ್ಣಿಗೆ. ಅಥವಾ ಸೋಸಿದ ಸಗಣಿ ನೀರು, ಒಂದಕ್ಕೆ ಇಪ್ಪತ್ತು ಪಾಲು ನೀರು ಬೆರೆಸಿ. ಬೇಸಿಗೆಯಲ್ಲಿ ಏನೂ ಬೇಡ.

ಕೆಡುವುದು ಹೇಗೆ, ಯಾಕೆ

ಗರಿಯೆಲ್ಲ ಒಮ್ಮೆಲೇ ಮುರುಟಿ, ಹಸಿರಾಗಿಯೇ ಗರಿಗರಿಯಾದರೆ ಬೇರು ಒಂದು ದಿನ ಪೂರ್ತಿ ಒಣಗಿತ್ತು ಎಂದರ್ಥ. ಮುರುಟಿದ ಎಲೆ ಮತ್ತೆ ಬಿಚ್ಚುವುದಿಲ್ಲ, ಕಾಯಬೇಡಿ. ಎಲ್ಲ ಗರಿಗಳನ್ನೂ ಮಣ್ಣಿನಿಂದ ಒಂದಿಂಚು ಮೇಲೆ ಕತ್ತರಿಸಿ, ಕುಂಡ ಅದ್ದಿ ತೆಗೆದು, ನೆರಳಲ್ಲಿಟ್ಟು, ತೇವ ಆರದಂತೆ ನೋಡಿಕೊಳ್ಳಿ. ಎಲೆಯಿಲ್ಲದ ಗಿಡಕ್ಕೆ ಹೆಚ್ಚು ನೀರು ಬೇಡ, ತೇವ ಸಾಕು. ಎರಡರಿಂದ ನಾಲ್ಕು ವಾರದಲ್ಲಿ ಸುರುಳಿ ಏಳುತ್ತದೆ. ಆರು ವಾರವಾದರೂ ಏನೂ ಕಾಣದಿದ್ದರೆ ಬೇರುಕಾಂಡವನ್ನು ಉಗುರಿನಿಂದ ಗೀರಿ ನೋಡಿ: ಒಳಗೆ ಬಿಳಿ-ಹಸಿರಿದ್ದರೆ ಇನ್ನೂ ಕಾಯಿರಿ, ಕಂದಾಗಿ ಮೆತ್ತಗಿದ್ದರೆ ಹೋಯಿತು.

ಅಂಚು ಮಾತ್ರ ಕಂದಾದರೆ ಉಪ್ಪು ಅಥವಾ ಒಣಗಾಳಿ. ಹಳೆಗರಿ ಹಳದಿಯಾಗಿ, ಬುಡದಲ್ಲಿ ಕಡ್ಡಿ ಕಪ್ಪಾಗಿ ಮೆತ್ತಗಾದರೆ ನೀರು ನಿಂತಿದೆ. ತಳದ ತೂತು ಬೇರಿನಿಂದ ಮುಚ್ಚಿದೆಯೇ ನೋಡಿ. ಎಲೆ ಬಿಳಚಿಕೊಂಡು ಸಣ್ಣದಾದರೆ ಬಿಸಿಲು.

ಎಲೆಯಡಿಯಲ್ಲಿ ಕಂದು ಚುಕ್ಕೆ ಕಂಡೊಡನೆ ಔಷಧಿ ಹೊಡೆಯುವವರು ಬಹಳ. ತಡೆಯಿರಿ. ಜರೀಗಿಡಗಳು ಬೀಜಾಣು ಹೊರುವುದೇ ಅಲ್ಲಿ. ಅಡಿಯಾಂಟಮ್‌ನಲ್ಲಿ ಎಲೆಯ ಅಂಚು ಒಳಕ್ಕೆ ಮಡಚಿ, ಆ ಮಡಿಕೆಯಡಿಯಲ್ಲಿ ಬೀಜಾಣು ಇರುತ್ತದೆ. ಸಮ ಅಂತರದಲ್ಲಿ, ಎಲ್ಲ ಎಲೆಯಲ್ಲೂ ಒಂದೇ ಜಾಗದಲ್ಲಿದ್ದರೆ ಅದು ಬೀಜಾಣು. ಅಡ್ಡಾದಿಡ್ಡಿಯಾಗಿ, ಕಡ್ಡಿಯ ಮೇಲೂ ಅಂಟಿಕೊಂಡು, ಉಗುರಿನಿಂದ ಎಬ್ಬಿಸಿದರೆ ಅಂಟಂಟಾದರೆ ಅದು ಹುರುಪೆಹುಳ. ಬಿಳಿ ಹತ್ತಿಯಂತಿದ್ದರೆ ಹಿಟ್ಟುತಿಗಣೆ. ಎರಡಕ್ಕೂ ಬೇವಿನೆಣ್ಣೆ ಮೊದಲು ನೆನಪಾಗುತ್ತದೆ, ಆದರೆ ಈ ತೆಳು ಎಲೆ ಎಣ್ಣೆಯನ್ನೂ ಸ್ಪಿರಿಟ್ಟನ್ನೂ ತಡೆಯಲಾರದು. ಹುಳ ಬಿದ್ದ ಗರಿಗಳನ್ನು ಬುಡದಿಂದ ಕತ್ತರಿಸಿ ಸುಡುವುದೇ ಅಗ್ಗದ, ಖಚಿತ ಮದ್ದು. ಮಳೆಗಾಲದಲ್ಲಿ ಸುರುಳಿಚಿಗುರು ರಾತ್ರೋರಾತ್ರಿ ಮಾಯವಾದರೆ ಬಸವನಹುಳು ಬಂದಿದೆ. ಟಾರ್ಚು ಹಿಡಿದು ರಾತ್ರಿ ಒಂಬತ್ತರ ಮೇಲೆ ಕೈಯಿಂದ ಹೆಕ್ಕಿ, ಕೈಗವಸು ಹಾಕಿಕೊಂಡು. ಉಪ್ಪು ಉದುರಿಸಿದರೆ ಹುಳುವಿನ ಜೊತೆ ಗಿಡವೂ ಹೋಗುತ್ತದೆ. ಬಸವನಹುಳುವಿಗೆಂದು ಮಾರುವ ಮೆಟಾಲ್ಡಿಹೈಡ್ ಗುಳಿಗೆ ಸಾಕುನಾಯಿಗೂ ವಿಷ.

ಮಲೆನಾಡಿನ ಧರೆಗಳಲ್ಲಿ ಮಳೆ ಹಿಡಿದೊಡನೆ ಏಳುವ ಅಡಿಯಾಂಟಮ್ ಫಿಲಿಪೆನ್ಸ್, ಆಯುರ್ವೇದದವರ ಹಂಸಪದಿ, ಇವೆಲ್ಲಕ್ಕೂ ಹೊರತು. ಮಳೆಗಾಲ ಮುಗಿದು ನೆಲ ಒಣಗುತ್ತಾ ಬಂದಂತೆ ಇದರ ಗರಿಗಳೆಲ್ಲ ಉದುರುತ್ತವೆ. ಅದು ಸಾವಲ್ಲ, ನಿದ್ದೆ. ಕುಂಡವನ್ನು ನೆರಳಿನಲ್ಲಿಟ್ಟು, ವಾರಕ್ಕೊಮ್ಮೆ ಅರ್ಧ ಲೋಟ ನೀರು ಹಾಕಿದರೆ ಮುಂಗಾರಿಗೆ ತಾನೇ ಏಳುತ್ತದೆ. ಮಲಗಿದ ಗಿಡಕ್ಕೆ ದಿನವೂ ನೀರು ಸುರಿದರೆ ಏಳುವುದಿಲ್ಲ, ಕೊಳೆಯುತ್ತದೆ.

ಜೊತೆಗೆ ನೆಡಬಹುದಾದವು ಹಲವು. ಟೆರಿಸ್ ಕುಲದ ಜರೀಗಿಡಗಳು ನೀರು ಹಾಕಲು ಮರೆತರೂ ಬದುಕುತ್ತವೆ. ಮಕ್ಕಳು ಕೈಗೆ ಒತ್ತಿಕೊಂಡು ಬಿಳಿ ಅಚ್ಚು ಮೂಡಿಸುವ ಬೆಳ್ಳಿಜರಿಗೆ ಇನ್ನೂ ಸ್ವಲ್ಪ ಹೆಚ್ಚು ಬೆಳಕು ಬೇಕು. ನೆಫ್ರೊಲೆಪಿಸ್ ಕಾರ್ಡಿಫೋಲಿಯಾ ಎಂಬ ಜರೀಗಿಡವನ್ನು ಅಡಿಯಾಂಟಮ್ ಪಕ್ಕ ನೆಲದಲ್ಲಿ ಬಿಡಬೇಡಿ. ಬಳ್ಳಿಬೇರು, ನೀರುಗಡ್ಡೆಗಳಿಂದ ಹರಡುತ್ತಾ ಎರಡೇ ವರ್ಷದಲ್ಲಿ ಮಡಿಯೆಲ್ಲ ತನ್ನದೆನ್ನುತ್ತದೆ. ಕೊಡಗಿನಲ್ಲಿ ತಿನ್ನುವ ಜರೀಚಿಗುರು ತೆರ್ಮೆ ತೊಪ್ಪು ನೆನಪಾಗಿ ಇವುಗಳ ಚಿಗುರು ಕಿತ್ತು ಪಲ್ಯ ಮಾಡಬೇಡಿ, ಅದು ಬೇರೆಯೇ ಜಾತಿ. ಹಳೆ ಗಾರೆಗೋಡೆಗಳಲ್ಲಿ ಬೆಳೆಯುವ ಟೆರಿಸ್ ವಿಟಾಟಾ ಮಣ್ಣಿನ ಆರ್ಸೆನಿಕ್ ಹೀರಿ ಗರಿಯಲ್ಲಿ ಕೂಡಿಡುತ್ತದೆಂದು 2001ರಲ್ಲೇ ತಿಳಿದುಬಂದಿದೆ.

ಒಂದು ಹತ್ತಾಗುವುದು

ಸುಲಭದ್ದು ಬುಡ ಒಡೆಯುವುದು. ಜೂನ್‌ನಲ್ಲಿ ಗಿಡ ಹೊರತೆಗೆದು, ಹರಿತ ಚಾಕುವಿನಿಂದ ಬೇರುಕಾಂಡವನ್ನು ತುಂಡುಮಾಡಿ. ಪ್ರತಿ ತುಂಡಿನಲ್ಲೂ ಕನಿಷ್ಠ ಮೂರು ಚಿಗುರುತುದಿ, ಹಿಡಿಯಷ್ಟು ಬೇರು ಇರಬೇಕು. ಆಸೆಬಿದ್ದು ಸಣ್ಣ ತುಂಡು ಮಾಡಿದರೆ ಹತ್ತರಲ್ಲಿ ಎರಡು ಉಳಿದರೆ ಹೆಚ್ಚು. ಗರಿಗಳನ್ನು ಅರ್ಧಕ್ಕೆ ಇಳಿಸಿ, ಹತ್ತು ದಿನ ಕವರಿನಡಿ ಇಡಿ. ಹಂಸಪದಿಯಲ್ಲೂ ಅಡಿಯಾಂಟಮ್ ಕಾಡೇಟಮ್‌ನಲ್ಲೂ ಗರಿಯ ತುದಿ ನೆಲ ಮುಟ್ಟಿದಲ್ಲಿ ಮರಿ ಹುಟ್ಟುತ್ತದೆ. ತುದಿಯನ್ನು ಪಕ್ಕದ ಕುಂಡದ ಮೇಲೆ ಹೇರ್‌ಪಿನ್ನಿನಿಂದ ಒತ್ತಿಟ್ಟರೆ ಒಂದು ತಿಂಗಳಲ್ಲಿ ಬೇರು.

ಬೀಜಾಣುವಿನಿಂದ ಬೆಳೆಸಲು ತಾಳ್ಮೆ ಬೇಕು. ಮಡಿಕೆಯಂಚು ಕಂದಾಗಿ, ಇನ್ನೂ ಪೂರ್ತಿ ಒಡೆಯದ ಗರಿಯನ್ನು ಕಾಗದದ ಲಕೋಟೆಯಲ್ಲಿ ಹಾಕಿ ಎರಡು ದಿನ ಒಣಜಾಗದಲ್ಲಿಡಿ. ಕಾಗದವನ್ನು ಓರೆಮಾಡಿ ತಟ್ಟಿದರೆ ಕಸ ಮೊದಲು ಜಾರುತ್ತದೆ, ಕಾಫಿಪುಡಿಗಿಂತ ನುಣ್ಣನೆಯ ಧೂಳು ಉಳಿಯುತ್ತದೆ. ಅದೇ ಬೀಜಾಣು. ಮುಚ್ಚಳವಿರುವ ಪಾರದರ್ಶಕ ಡಬ್ಬಿಯಲ್ಲಿ ಒಂದೂವರೆ ಇಂಚು ಕೊಕೊಪೀಟ್ ಹಾಕಿ, ಕುದಿನೀರು ಸುರಿದು, ಮುಚ್ಚಿ ತಣಿಸಿ, ಹೆಚ್ಚಿನ ನೀರು ಬಸಿಯಿರಿ. ಕುದಿನೀರಿನ ಹಂತ ಬಿಟ್ಟರೆ ಜರೀಗಿಡದ ಬದಲು ಪಾಚಿ, ಬೂಷ್ಟು ಬೆಳೆಯುತ್ತವೆ. ಚಾಕುವಿನ ತುದಿಯಷ್ಟು ಧೂಳನ್ನು ತೆಳುವಾಗಿ ಉದುರಿಸಿ ಮುಚ್ಚಿ. ಮಣ್ಣು ಹೊದಿಸಬೇಡಿ, ಮೊಳೆಯಲು ಬೆಳಕು ಬೇಕು. ಉತ್ತರದ ಕಿಟಕಿಯ ಬಳಿ ಇಡಿ.

ಮೂರರಿಂದ ಆರು ವಾರದಲ್ಲಿ ಹಸಿರು ಪೊರೆ ಕಾಣುತ್ತದೆ. ಎರಡು-ಮೂರು ತಿಂಗಳಲ್ಲಿ ಅದು ಕಾಲಿಂಚಿನ ಹೃದಯಾಕಾರದ ಚೂರುಗಳಾಗುತ್ತದೆ. ಇವು ಇನ್ನೂ ಜರೀಗಿಡವಲ್ಲ, ಅದರ ಹಿಂದಿನ ಅವಸ್ಥೆ. ಇದರಡಿಯಲ್ಲಿ ಗಂಡುಕಣ ನೀರಿನ ಪದರದಲ್ಲಿ ಈಜಿ ಅಂಡವನ್ನು ತಲುಪಿದರೆ ಮಾತ್ರ ಗರಿ ಹುಟ್ಟುತ್ತದೆ. ಹೀಗಾಗಿ ಈ ಹಂತದಲ್ಲಿ ವಾರಕ್ಕೊಮ್ಮೆ ಕುದಿಸಿ ಆರಿಸಿದ ನೀರನ್ನು ಮಂಜಿನಂತೆ ಸಿಂಪಡಿಸಬೇಕು. ಇಡೀ ಸಾಕಣೆಯಲ್ಲಿ ಚಿಮುಕಿಸುವುದಕ್ಕೆ ಅರ್ಥವಿರುವುದು ಇಲ್ಲೊಂದೇ ಕಡೆ. ಮೊದಲ ಪುಟ್ಟ ಗರಿಗೆ ನಾಲ್ಕರಿಂದ ಆರು ತಿಂಗಳು ಹಿಡಿದೀತು. ಅರ್ಧ ಇಂಚಾದಾಗ ಒಂದೊಂದಾಗಿ ಕೀಳದೆ, ನಾಲ್ಕೈದು ಗಿಡಗಳ ಗುಂಪನ್ನು ಚಮಚದಿಂದ ಎತ್ತಿ ಇನ್ನೊಂದು ಡಬ್ಬಿಗೆ ಸರಿಸಿ. ಗರಿ ಎರಡಿಂಚಾದ ಮೇಲೆ ಮುಚ್ಚಳವನ್ನು ದಿನಕ್ಕೆ ಒಂದು ಗಂಟೆ, ಎರಡು ಗಂಟೆ ಎಂದು ತೆರೆಯುತ್ತಾ ಮೂರು ವಾರದಲ್ಲಿ ಹೊರಗಾಳಿಗೆ ಒಗ್ಗಿಸಿ. ಈ ಮೂರು ವಾರ ಮಾರ್ಚ್-ಏಪ್ರಿಲ್‌ನಲ್ಲಿ ಬೀಳದಂತೆ ಹಿಂದಿನಿಂದ ಲೆಕ್ಕ ಹಾಕಿ ಬಿತ್ತಿ. ನವೆಂಬರ್-ಡಿಸೆಂಬರ್‌ನಲ್ಲಿ ಬಿತ್ತಿದರೆ ಮುಚ್ಚಳ ತೆಗೆಯುವ ಹೊತ್ತಿಗೆ ಹೊರಗೆ ಮಳೆಗಾಲ ಇರುತ್ತದೆ.